ಎಲೆಯ ಬೆನ್ನು ನೋಡದೆ ಹೆಸರು ಹಾಕಬಹುದೇ? ದುರ್ಗ–ದಾವಣಗೆರೆ ಮಳೆಗಾಲದ ಸಸ್ಯಪಟ್ಟಿಯ ಚರ್ಚೆ

ತಂಗಡಿಹೂ (ಚಿತ್ರದುರ್ಗ):

ಈ ಮಳೆಗಾಲದ ಜಂಟಿ ಪಟ್ಟಿಯನ್ನು ತಿದ್ದಲು ಕೂತಿದ್ದೇನೆ. ಜೋಗಿಮಟ್ಟಿ, ಚಂದ್ರವಳ್ಳಿ, ಕೊಂಡಜ್ಜಿ, ಸೂಳೆಕೆರೆ ಏರಿ, ಎಲ್ಲ ಕಡೆಯಿಂದಲೂ ಚಿತ್ರಗಳು ಬಂದಿವೆ. ಉತ್ಸಾಹಕ್ಕೇನೂ ಕೊರತೆಯಿಲ್ಲ. ತಕರಾರು ಇರುವುದು ಒಂದು ಪುಟ್ಟ ಗಿಡದ ಬಗ್ಗೆ. ನೆಲನೆಲ್ಲಿ ಎಂದು ಬಂದ ದಾಖಲೆಗಳಿಗೆಲ್ಲ ಫಿಲಾಂಥಸ್ ಅಮಾರಸ್ ಎಂಬ ಒಂದೇ ಹೆಸರು ಬಿದ್ದಿದೆ. ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಮುಕ್ಕಾಲು ಪಾಲು ಚಿತ್ರಗಳಲ್ಲಿ ಕಾಣುವುದು ನಿಂತು ಮೇಲಿನಿಂದ ತೆಗೆದ ಎಲೆಗಳು ಮಾತ್ರ. ಈ ಗಿಡದ ಗುಟ್ಟೆಲ್ಲ ಇರುವುದು ರೆಂಬೆಯ ಅಡಿಯಲ್ಲಿ.

ರೆಂಬೆಯನ್ನು ಮಗುಚಿದಾಗ ಸಾಲಾಗಿ ತೂಗುವ ಕಾಯಿಗಳಿಗೆ ಸಣ್ಣ ತೊಟ್ಟಿದ್ದು ಮೈ ನುಣುಪಾಗಿದ್ದರೆ ಅಮಾರಸ್ ಕಡೆಗೆ ಹೋಗಬಹುದು. ಕಾಯಿ ತೊಟ್ಟೇ ಇಲ್ಲದಂತೆ ರೆಂಬೆಗೆ ಅಂಟಿಕೊಂಡು, ಮೈ ಒರಟಾಗಿ, ಸ್ವಲ್ಪ ಕೆಂಪು ಛಾಯೆ ಇದ್ದರೆ ಅದು ಫಿಲಾಂಥಸ್ ಯುರಿನೇರಿಯಾ. ಎಲೆ ಬುಡದಲ್ಲಿ ಸಪುರವಾಗಿ ತುದಿಯ ಕಡೆಗೆ ಅಗಲವಾಗುತ್ತಾ, ಗರಿಯಂತೆ ಎರಡು ಸಾಲಾಗದೆ ಕಾಂಡದ ಸುತ್ತಲೂ ಬಂದಿದ್ದರೆ ಅದು ಮದರಾಸ್‌ಪಟೆನ್ಸಿಸ್. ನಮ್ಮ ಒಣ ಹೊಲಗಳ ಬದುಗಳಲ್ಲಿ ಅದೇನೂ ಅಪರೂಪದ್ದಲ್ಲ. ಡೆಬಿಲಿಸ್ ಎಂಬ ಇನ್ನೊಂದಿದೆ. ಅದನ್ನು ಅಮಾರಸ್‌ನಿಂದ ಬೇರ್ಪಡಿಸಲು ಹೂವಿನ ದಳದಂಥ ಎಸಳುಗಳು ಐದೋ ಆರೋ ಎಂದು ಮಸೂರ ಹಿಡಿದು ಎಣಿಸಬೇಕು.

ಆದ್ದರಿಂದ ನನ್ನ ಸಲಹೆ: ರೆಂಬೆಯ ಅಡಿಭಾಗ ಕಾಣದ ದಾಖಲೆಗಳನ್ನೆಲ್ಲ 'ಫಿಲಾಂಥಸ್' ಎಂಬ ಕುಲದ ಮಟ್ಟಕ್ಕೆ ಇಳಿಸೋಣ. ಆಕ್ಷೇಪಣೆ ಇದ್ದವರು ಹೇಳಿ.

ಹೊಸದುರ್ಗದ ಮೇಷ್ಟ್ರು:

ಆಕ್ಷೇಪಣೆ ಇದೆ. ನನ್ನ ಎಂಟನೇ ತರಗತಿಯ ಮಕ್ಕಳು ಗಿಡದ ಚಿತ್ರ ತೆಗೆದು ಓಡಿ ಬರುತ್ತಾರೆ. ಅವರಿಗೆ ಬೇಕಾಗಿರುವುದು ಹೆಸರು. "ಇದು ಯಾವುದೋ ಒಂದು ಫಿಲಾಂಥಸ್" ಎಂದರೆ ಮುಖ ಬಾಡುತ್ತದೆ, ಮುಂದಿನ ವಾರ ಆ ಹುಡುಗ ಬರುವುದಿಲ್ಲ. ಮೊದಲು ಹೆಸರು ಬರಲಿ, ತಪ್ಪಿದ್ದರೆ ತಿಳಿದವರು ತಿದ್ದುತ್ತಾರೆ. ಇಂಥ ಸಾಮೂಹಿಕ ಕೆಲಸದ ತತ್ವವೇ ಅದಲ್ಲವೇ? ಎಲ್ಲರೂ ಸಸ್ಯಶಾಸ್ತ್ರಜ್ಞರಾದ ಮೇಲೆಯೇ ದಾಖಲಿಸಬೇಕು ಎಂದರೆ ಈ ಪಟ್ಟಿಯೇ ಹುಟ್ಟುತ್ತಿರಲಿಲ್ಲ.

ಕಾವಲುಹುಲ್ಲು (ಚಳ್ಳಕೆರೆ):

ಮೇಷ್ಟ್ರೇ, ಆ ತಿಳಿದವರು ಯಾರು, ಎಲ್ಲಿದ್ದಾರೆ? ನಮ್ಮ ಎರಡು ಜಿಲ್ಲೆಗಳ ಗಿಡಗಳನ್ನು ಕೂತು ಪರಿಶೀಲಿಸುವವರು ಬೆರಳೆಣಿಕೆಯಷ್ಟು ಜನ. ಅವರಿಗೂ ಉದ್ಯೋಗ, ಸಂಸಾರ ಇವೆ. ತಿದ್ದುವವರು ಬರುವ ಮೊದಲೇ ಏನಾಗುತ್ತದೆ ಎಂದು ಹೇಳುತ್ತೇನೆ.

ನಾವು ಚಿತ್ರ ಏರಿಸಿ ಒಬ್ಬರಿಗೊಬ್ಬರು ಗುರುತು ಹೇಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಒಂದು ದಾಖಲೆ 'ಸಂಶೋಧನಾ ದರ್ಜೆ'ಗೆ ಏರಲು ದಿನಾಂಕ, ಸ್ಥಳ, ಚಿತ್ರ ಇದ್ದು, ಗಿಡ ತಾನಾಗಿ ಬೆಳೆದದ್ದಾಗಿದ್ದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಹೆಸರಿಗೆ ಒಪ್ಪಿರಬೇಕು. ಕೇಳಲು ಬಿಗಿಯಾಗಿಯೇ ಇದೆ. ಆದರೆ ಗುರುತಿಸಿದವರು ಇಬ್ಬರೇ ಆಗಿದ್ದು, ಇಬ್ಬರೂ ಒಪ್ಪಿದರೆ ಸಾಕು. ಹಾಕಿದವನು ಒಬ್ಬ, ಅವನ ಗೆಳೆಯ ಇನ್ನೊಬ್ಬ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆಮೇಲೆ ಅದು ಜಿಬಿಐಎಫ್ ಎಂಬ ಜಾಗತಿಕ ಭಂಡಾರಕ್ಕೆ ಹೋಗುತ್ತದೆ. ಅಲ್ಲಿಂದ ಯಾರೋ ಸಂಶೋಧಕರು ಇಳಿಸಿಕೊಂಡು ನಕ್ಷೆ ಮಾಡುತ್ತಾರೆ. ಚಳ್ಳಕೆರೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಆ ಚುಕ್ಕೆಯ ಹಿಂದೆ ಇರುವುದು ಇಬ್ಬರು ಗೆಳೆಯರ ಸ್ನೇಹ ಮಾತ್ರ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

'ಒಪ್ಪುತ್ತೇನೆ' ಎಂದರೆ 'ನಾನೂ ಲಕ್ಷಣಗಳನ್ನು ನೋಡಿ ಇದೇ ತೀರ್ಮಾನಕ್ಕೆ ಬಂದಿದ್ದೇನೆ' ಎಂದರ್ಥ. ಮದುವೆ ಮನೆಯ ಮುಯ್ಯಿಯಂತೆ ನೀನು ನನಗೆ ಒತ್ತು, ನಾನು ನಿನಗೆ ಒತ್ತುತ್ತೇನೆ ಎನ್ನುವುದಕ್ಕೆ ಆ ಗುಂಡಿ ಇಟ್ಟಿಲ್ಲ.

ಕಾವಲಿನ ಹುಲ್ಲುಗಳ ವಿಷಯದಲ್ಲಿ ನನಗೆ ಇದು ಅಭ್ಯಾಸವಾಗಿಬಿಟ್ಟಿದೆ. ಹೆಟೆರೊಪೋಗನ್ ಕಂಟಾರ್ಟಸ್ ಸುಲಭ. ಅದರ ಕಪ್ಪು ಕೂದಲಿನಂಥ ಮುಳ್ಳುಗಳು ಒಂದಕ್ಕೊಂದು ಹೆಣೆದುಕೊಂಡು ಜಡೆಯಾಗುತ್ತವೆ, ಪಂಚೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಂಡು ಬರುತ್ತವೆ. ಅರಿಸ್ಟಿಡಾ ಬಂದರೆ ಕುಲಕ್ಕೇ ನಿಲ್ಲಿಸುತ್ತೇನೆ. ಎಷ್ಟೋ ಹುಲ್ಲುಗಳನ್ನು 'ಪೋಯೇಸಿ' ಕುಟುಂಬ ಎಂದಷ್ಟೇ ಬರೆದು ಬಿಟ್ಟಿದ್ದೇನೆ. ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಈಗ ಬೇಲಿಯೊಳಗೆ ಸೇರಿದೆ. ಮುಂದೆ ಯಾರಾದರೂ ಅಲ್ಲಿ ಏನು ಬೆಳೆಯುತ್ತಿತ್ತು ಎಂದು ಕೇಳಿದರೆ ಉಳಿದಿರುವುದು ಇಂಥ ದಾಖಲೆಗಳೇ. ಅದರಲ್ಲಿ ಊಹೆ ಬೆರೆತಿದ್ದರೆ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಬೇರ್ಪಡಿಸಲು ಆಗ ಯಾರಿಂದಲೂ ಆಗದು.

ಹೊಸದುರ್ಗದ ಮೇಷ್ಟ್ರು:

ಮುಯ್ಯಿಯ ಮಾತು ನಾಟಿತು. ಆದರೂ ಮಕ್ಕಳ ಪ್ರಶ್ನೆ ಹಾಗೆಯೇ ಉಳಿಯಿತು. ಕುಲದ ಮಟ್ಟದಲ್ಲಿ ನಿಂತ ದಾಖಲೆ ಎಂದೆಂದಿಗೂ 'ಗುರುತು ಬೇಕಾಗಿದೆ' ಎಂಬ ಹಣೆಪಟ್ಟಿ ಹೊತ್ತುಕೊಂಡೇ ಇರಬೇಕೇ?

ತಂಗಡಿಹೂ:

ಬೇಕಿಲ್ಲ. ಇದಕ್ಕಿಂತ ಮುಂದೆ ಹೋಗಲು ಈ ಚಿತ್ರದಿಂದ ಸಾಧ್ಯವಿಲ್ಲ ಎಂದು ಗುರುತು ಹಾಕುವ ಅವಕಾಶವಿದೆ. ಜನ ಒಪ್ಪಿದ ಹೆಸರು ಕುಟುಂಬಕ್ಕಿಂತ ಕೆಳಗಿನ ಮಟ್ಟದ್ದಾಗಿದ್ದರೆ, ಅಂದರೆ ಕುಲ ಆದರೂ ಸರಿ, ಆ ದಾಖಲೆಗೂ ಸಂಶೋಧನಾ ದರ್ಜೆ ಸಿಗುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಇನ್ನು ಮಕ್ಕಳು. ಹೆಸರು ಹೇಳಿಬಿಟ್ಟರೆ ಮಗು ಅಲ್ಲಿಗೇ ನಿಲ್ಲುತ್ತದೆ. "ಕಾಯಿಗೆ ತೊಟ್ಟಿದೆಯೇ ನೋಡಿಕೊಂಡು ಬಾ" ಎಂದರೆ ಮತ್ತೆ ಗಿಡದ ಹತ್ತಿರ ಓಡುತ್ತದೆ. ಇನ್ನೊಂದು ಕಥೆಯನ್ನೂ ಹೇಳಿ: ಕಾಮಾಲೆಗೆ ನಮ್ಮದೇ ಮದ್ದು ಎಂದು ಹೆಮ್ಮೆಪಡುವ ಅಮಾರಸ್‌ನ ತವರು ಅಮೆರಿಕದ ಉಷ್ಣವಲಯ. ಇದನ್ನು ಕೇಳಿದ ಯಾವ ಮಗುವೂ ಬೇಸರಪಟ್ಟದ್ದನ್ನು ನಾನು ಕಂಡಿಲ್ಲ, ದೊಡ್ಡವರು ಸಿಟ್ಟಾದದ್ದನ್ನು ಕಂಡಿದ್ದೇನೆ.

ಜಗಳೂರು ಜಾಲಿ:

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಪ್ರಶ್ನೆ ಎಕ್ಕದ್ದು. ರಂಗಯ್ಯನದುರ್ಗದ ದಾರಿಯಲ್ಲಿ ತೆಗೆದ ಎಕ್ಕದ ಚಿತ್ರಕ್ಕೆ ಆ್ಯಪ್ ಒಮ್ಮೆ ಜೈಗಾಂಟಿಯಾ ಎನ್ನುತ್ತದೆ, ಒಮ್ಮೆ ಪ್ರೊಸೆರಾ ಎನ್ನುತ್ತದೆ. ಗಿಡ ಅದೇ, ಕೋನ ಮಾತ್ರ ಬೇರೆ. ಯಾವುದನ್ನು ನಂಬಲಿ?

ಕಾವಲುಹುಲ್ಲು:

ಎರಡನ್ನೂ ನಂಬಬೇಡಿ, ಹೂವನ್ನು ನಂಬಿ. ಎಲೆ ನೋಡಿ ಹೇಳಲು ಹೋದರೆ ಮೋಸ ಹೋಗುತ್ತೀರಿ. ಬಿಳಿ ಮೇಣದ ಪುಡಿ ಹಚ್ಚಿದಂಥ ದಪ್ಪ ಎಲೆ, ಮುರಿದರೆ ಹಾಲು, ಎರಡಕ್ಕೂ ಇದೆ. ಹೂವನ್ನು ಕಣ್ಣಿನ ಮಟ್ಟದಲ್ಲಿ, ಪಕ್ಕದಿಂದ ನೋಡಿ. ಜೈಗಾಂಟಿಯಾದ ಐದು ದಳಗಳು ಚೆನ್ನಾಗಿ ಬಿಚ್ಚಿಕೊಂಡು ಹರಡುತ್ತವೆ, ಹಲವು ಸಲ ಹಿಂದಕ್ಕೂ ಬಾಗುತ್ತವೆ. ಬಣ್ಣ ದಳದುದ್ದಕ್ಕೂ ಒಂದೇ, ತಿಳಿ ನೇರಳೆ ಅಥವಾ ಬಿಳಿ. ನಡುವೆ ನಿಂತಿರುವ ಕಿರೀಟದ ಹಾಲೆಗಳು ಮಧ್ಯದ ಕಂಬಕ್ಕಿಂತ ಗಿಡ್ಡ. ಪ್ರೊಸೆರಾದ ದಳಗಳು ಬಟ್ಟಲಿನಂತೆ ಮೇಲಕ್ಕೆ ನಿಲ್ಲುತ್ತವೆ, ಬುಡ ಬಿಳಿ, ತುದಿಗೆ ಮಾತ್ರ ಗಾಢ ನೇರಳೆಯ ಮಚ್ಚೆ. ಕಿರೀಟ ಕಂಬದಷ್ಟೇ ಎತ್ತರ ಅಥವಾ ಅದಕ್ಕಿಂತ ತುಸು ಹೆಚ್ಚು. ಮೊಗ್ಗು ಸಿಕ್ಕರೆ ಅದನ್ನೂ ನೋಡಿ, ಪ್ರೊಸೆರಾದ್ದು ಹೆಚ್ಚು ಗುಂಡಗಿರುತ್ತದೆ.

ಆ್ಯಪ್ ಬಗ್ಗೆ ಒಂದು ಮಾತು. ಅದು ಹಿಂದೆ ಬಂದ ಚಿತ್ರಗಳಿಂದ ಕಲಿತು, ಹತ್ತಿರದಲ್ಲಿ ದಾಖಲಾದದ್ದನ್ನೂ ಲೆಕ್ಕಕ್ಕೆ ಹಿಡಿದು ಸಲಹೆ ಕೊಡುತ್ತದೆ. ಜಗಳೂರಿನಲ್ಲಿ ಹತ್ತು ಜನ ನೋಡದೆ ಒಂದೇ ಹೆಸರು ಒತ್ತಿದರೆ ಹನ್ನೊಂದನೆಯವನಿಗೂ ಅದೇ ಹೆಸರು ಮೊದಲು ಬರುತ್ತದೆ. ಆಗ ನಾವು ದಾಖಲಿಸುತ್ತಿರುವುದು ಗಿಡವನ್ನಲ್ಲ, ನಮ್ಮದೇ ಹಳೆಯ ಒತ್ತುಗಳನ್ನು.

ಅಂದ ಹಾಗೆ ರಂಗಯ್ಯನದುರ್ಗದ ಒಳಗೆ ಹೋದರೆ ಹೂವು ಕಿತ್ತು ತರಬೇಡಿ. ಅದು ಕೊಂಡುಕುರಿ ಅಭಯಾರಣ್ಯ, ಅನುಮತಿ ಇಲ್ಲದೆ ಎಲೆ ಕೀಳುವುದೂ ತಪ್ಪು.

ಅಜ್ಜಿಯ ಕೈತೋಟ (ದಾವಣಗೆರೆ):

ನೀವೆಲ್ಲ ನಕ್ಷೆ, ಚುಕ್ಕೆ ಎನ್ನುತ್ತಿದ್ದೀರಿ. ನನ್ನ ಚಿಂತೆ ಹೊಟ್ಟೆಗೆ ಹೋಗುವುದರ ಬಗ್ಗೆ. ಕೊರೊನಾ ಬಂದ ಮೇಲೆ ನಮ್ಮ ಬಡಾವಣೆಯ ಕಾಂಪೌಂಡುಗಳ ಮೇಲೆಲ್ಲ ಅಮೃತಬಳ್ಳಿ ಹತ್ತಿದೆ. ಯಾರೋ ಒಬ್ಬರು ನರ್ಸರಿಯಿಂದ ತಂದರು, ಅವರಿಂದ ತುಂಡು ಬೀದಿಗೆಲ್ಲ ಹರಡಿತು. ಕಳೆದ ವಾರ ಒಬ್ಬರು ನಮ್ಮ ಗುಂಪಿನಲ್ಲಿ ಬಳ್ಳಿಯ ಚಿತ್ರ ಹಾಕಿ "ಅಮೃತಬಳ್ಳಿ ತಾನೇ, ಕಷಾಯ ಕುಡಿಯಬಹುದೇ?" ಎಂದು ಕೇಳಿದರು. ಹತ್ತು ನಿಮಿಷದಲ್ಲಿ ನಾಲ್ಕು ಜನ "ಹೌದು" ಎಂದರು. ಚಿತ್ರದಲ್ಲಿ ಇದ್ದದ್ದು ಹೃದಯಾಕಾರದ ಎರಡು ಎಲೆ!

ಟೈನೋಸ್ಪೋರಾ ಕಾರ್ಡಿಫೋಲಿಯಾ ಅಮೃತಬಳ್ಳಿ. ಟೈನೋಸ್ಪೋರಾ ಕ್ರಿಸ್ಪಾ ಅದರ ದಾಯಾದಿ, ಎಲೆ ನೋಡಿದರೆ ಬೆಪ್ಪಾಗುತ್ತೇವೆ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾಯಿತು ಎಂದು 2021ರಲ್ಲಿ ವೈದ್ಯರ ವರದಿಗಳು ಬಂದಾಗ ದೊಡ್ಡ ವಾದವೇ ನಡೆಯಿತು. 2022ರ ಫೆಬ್ರವರಿಯಲ್ಲಿ ಆಯುಷ್ ಸಚಿವಾಲಯ, ಕಾರ್ಡಿಫೋಲಿಯಾ ಸುರಕ್ಷಿತ, ಕ್ರಿಸ್ಪಾದಂಥ ಹೋಲುವ ಬಳ್ಳಿಗಳು ಹಾನಿ ಮಾಡಬಹುದು ಎಂದು ಹೇಳಿ ವ್ಯತ್ಯಾಸಗಳನ್ನೂ ಕೊಟ್ಟಿತು. ಕಾರ್ಡಿಫೋಲಿಯಾದ ಕಾಂಡ ಹಸಿರು, ಮೇಲೆ ಗಂಟುಗಳಿಲ್ಲ, ಮುರಿದರೆ ಹಾಲು ಬರುವುದಿಲ್ಲ, ಹೂವಿಗೆ ಆರು ದಳ, ಹಣ್ಣು ಗುಂಡಗೆ ಕೆಂಪು. ಕ್ರಿಸ್ಪಾದ ಕಾಂಡ ಬೂದು, ಮೈ ತುಂಬ ಗಂಟು, ಹಾಲಿನಂಥ ರಸ, ದಳ ಮೂರು, ಹಣ್ಣು ಉದ್ದುರುಟು, ಕಿತ್ತಳೆ ಬಣ್ಣ. ವೈದ್ಯರ ವಾದ ಏನೇ ಇರಲಿ, ಎರಡು ಬಳ್ಳಿ ಬೇರೆ ಬೇರೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

ಇದನ್ನು ಓದಿ ಮತ್ತೊಂದು ಅವಸರ ಬೇಡ. ಹಳೆಯ ಅಮೃತಬಳ್ಳಿಯ ಕಾಂಡವೂ ಬೆಂಡಿನಂತಾಗಿ ಉಬ್ಬು ಚುಕ್ಕೆಗಳು ಏಳುತ್ತವೆ. ಅದನ್ನೇ ಗಂಟು ಎಂದುಕೊಂಡು ಒಳ್ಳೆಯ ಬಳ್ಳಿಯನ್ನು ಕಿತ್ತೆಸೆದವರೂ ಇದ್ದಾರೆ. ನನ್ನ ಕೋರಿಕೆ ಇಷ್ಟೇ: ಇಲ್ಲಿ ಯಾರೂ ಚಿತ್ರ ನೋಡಿ "ತಿನ್ನಬಹುದು, ಕುಡಿಯಬಹುದು" ಎಂದು ಹೇಳಕೂಡದು. ಇದನ್ನು ನಿಯಮವನ್ನಾಗಿಯೇ ಮಾಡಿ. ಮತ್ತೆ, ಕಾಂಪೌಂಡಿನ ಬಳ್ಳಿ ನೆಟ್ಟದ್ದು. 'ಬೆಳೆಸಿದ್ದು' ಎಂಬ ಗುರುತು ಹಾಕದೆ ಏರಿಸಿದರೆ ದಾವಣಗೆರೆಯ ನಡುಮಧ್ಯದಲ್ಲಿ ಕಾಡು ಅಮೃತಬಳ್ಳಿ ಇದೆ ಎಂದಾಗುತ್ತದೆ.

ತಂಗಡಿಹೂ:

ನಿಯಮ ಒಪ್ಪಿದೆ. ಇವತ್ತೇ ಮೇಲ್ಗಡೆ ಅಂಟಿಸುತ್ತೇನೆ.

ಗುಮಾಸ್ತ (ಹರಿಹರ):

ಹೆಸರಿನ ಗಲಾಟೆಯಲ್ಲಿ ದಿನಾಂಕ ಮತ್ತು ಸ್ಥಳವನ್ನು ಎಲ್ಲರೂ ಮರೆತಿದ್ದೀರಿ. ನನ್ನ ಪ್ರಕಾರ ತಪ್ಪು ಹೆಸರಿಗಿಂತ ದೊಡ್ಡ ಪಾಪ ತಪ್ಪು ದಿನಾಂಕ. ಚಿತ್ರ ಇದ್ದರೆ ಹೆಸರನ್ನು ಇನ್ನು ಇಪ್ಪತ್ತು ವರ್ಷದ ಮೇಲಾದರೂ ತಿದ್ದಬಹುದು. ಎಲ್ಲಿ, ಯಾವಾಗ ಎಂಬುದನ್ನು ಚಿತ್ರ ನೋಡಿ ಯಾರು ತಿದ್ದುತ್ತಾರೆ?

ಪಟ್ಟಿಯಲ್ಲಿ ಒಂದು ದಾಖಲೆ ನೋಡಿದೆ. ಬಂಡೆಯ ಸಂದಿಯಲ್ಲಿ ಬೆಳೆದ ಕ್ಯಾರಲುಮಾ ಎಂಬ ರಸಭರಿತ ಗಿಡ, ಸ್ಥಳ ದಾವಣಗೆರೆಯ ಒಂದು ಬಡಾವಣೆ. ಅಲ್ಲಿ ಬಂಡೆ ಎಲ್ಲಿಂದ ಬಂತು? ವಿಚಾರಿಸಿದರೆ ಜೋಗಿಮಟ್ಟಿಗೆ ಹೋಗಿದ್ದ ಸ್ನೇಹಿತರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ. ಹಾಗೆ ಕಳಿಸಿದಾಗ ಚಿತ್ರದೊಳಗೆ ಅಡಗಿರುವ ದಿನಾಂಕ, ಸ್ಥಳದ ಮಾಹಿತಿ ಉದುರಿಹೋಗುತ್ತದೆ. ಏರಿಸಿದವರು ತಾವು ಕೂತ ಮನೆಯನ್ನೂ ಅಂದಿನ ತಾರೀಖನ್ನೂ ತುಂಬಿಬಿಟ್ಟಿದ್ದಾರೆ. ಸುಳ್ಳು ಹೇಳಬೇಕೆಂಬ ಉದ್ದೇಶ ಅವರಿಗೆ ಖಂಡಿತ ಇರಲಿಲ್ಲ, ಆದರೆ ದಾಖಲೆ ಮಾತ್ರ ಸುಳ್ಳೇ. ಬೇರೆಯವರು ಕಂಡದ್ದನ್ನು ಅವರೇ ಹಾಕಲಿ. ಸ್ಥಳ ಸರಿಯಾಗಿ ನೆನಪಿಲ್ಲದಿದ್ದರೆ ನಕ್ಷೆಯ ಮೇಲಿನ ವೃತ್ತವನ್ನು ದೊಡ್ಡದು ಮಾಡಿ. ಎರಡು ಕಿಲೋಮೀಟರಿನ ಪ್ರಾಮಾಣಿಕ ವೃತ್ತ ಐದು ಮೀಟರಿನ ಸುಳ್ಳು ಚುಕ್ಕೆಗಿಂತ ಉಪಯೋಗದ್ದು.

ಮರಗಳ ಹೂವು, ಕಾಯಿಗಳನ್ನು ವಾರವಾರ ದಾಖಲಿಸುವ ಸೀಸನ್‌ವಾಚ್ ಯೋಜನೆಗೆ ಮರ ನೋಡುವವರಿಗೂ ಇದೇ ಮಾತು. ಹೊಂಗೆಯಲ್ಲಿ ಹೂವಿಲ್ಲದಿದ್ದರೆ 'ಇಲ್ಲ' ಎಂದು ತುಂಬಿ, ಅದೂ ಮಾಹಿತಿಯೇ. ಆದರೆ ಊರಿಗೆ ಹೋಗಿದ್ದು ಮರವನ್ನೇ ನೋಡದ ವಾರವನ್ನು ಖಾಲಿ ಬಿಡಿ. "ಹೋದ ವಾರ ಮೊಗ್ಗು, ಈ ವಾರ ಕಾಯಿ, ನಡುವೆ ಹೂವು ಇದ್ದಿರಲೇಬೇಕು" ಎಂದು ತುಂಬುವುದು ಲೆಕ್ಕಪತ್ರದ ಭಾಷೆಯಲ್ಲಿ ಖೋಟಾ. ಮೂವತ್ತು ವರ್ಷ ರಿಜಿಸ್ಟರ್ ಬರೆದ ಕೈ ಇದು, ಸ್ವಲ್ಪ ಖಾರವಾಗಿದ್ದರೆ ಕ್ಷಮಿಸಿ.

ಜಗಳೂರು ಜಾಲಿ:

ಹಾಗಾದರೆ ಶ್ರೀಗಂಧ? ನಮ್ಮ ಕಡೆ ಬೇಲಿಯಲ್ಲಿ ತಾನಾಗಿ ಹುಟ್ಟಿದ ಎರಡು ಒಳ್ಳೆಯ ಗಿಡಗಳಿವೆ. ಪ್ರಾಮಾಣಿಕವಾಗಿ ಸ್ಥಳ ಹಾಕಿದರೆ ಮುಂದಿನ ಅಮಾವಾಸ್ಯೆಗೆ ಬುಡ ಮಾತ್ರ ಉಳಿದಿರುತ್ತದೆ. ಬೇಕೆಂದೇ ಪಕ್ಕದ ತಾಲ್ಲೂಕಿನಲ್ಲಿ ಗುರುತು ಹಾಕೋಣವೆಂದು ನನ್ನ ತಮ್ಮ ಹೇಳುತ್ತಾನೆ.

ಗುಮಾಸ್ತ:

ತಮ್ಮನಿಗೆ ಬೇಡವೆನ್ನಿ. ಮುಚ್ಚಿಡುವುದು ಬೇರೆ, ಸುಳ್ಳು ಬರೆಯುವುದು ಬೇರೆ. ಸರಿಯಾದ ಜಾಗವನ್ನೇ ಕೊಟ್ಟು 'ಮಸುಕು' ಆಯ್ಕೆ ಒತ್ತಿ. ಆಗ ಹೊರಗಿನವರಿಗೆ ಅಕ್ಷಾಂಶ ರೇಖಾಂಶಗಳಲ್ಲಿ 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಆ ಚೌಕದ ಒಂದೊಂದು ಬದಿಯೂ ಇಪ್ಪತ್ತು ಕಿಲೋಮೀಟರಿಗಿಂತ ಉದ್ದ, ಕಳ್ಳನಿಗೆ ಏನೂ ದಕ್ಕುವುದಿಲ್ಲ. ನಿಜವಾದ ಜಾಗ ನಿಮ್ಮ ಖಾತೆಯಲ್ಲಿ ಭದ್ರ. ಅಪಾಯದಲ್ಲಿರುವ ಎಷ್ಟೋ ಪ್ರಭೇದಗಳಿಗೆ ಈ ಮಸುಕು ತಾನಾಗಿಯೇ ಬೀಳುತ್ತದೆ, ಆದರೂ ಏರಿಸಿದ ಮೇಲೆ ಒಮ್ಮೆ ತೆರೆದು ನೋಡಿ. ಹಿನ್ನೆಲೆಯಲ್ಲಿ ಮೈಲುಗಲ್ಲೋ ಗುಡಿಯ ಗೋಪುರವೋ ಕಾಣುವ ಚಿತ್ರ ಮಾತ್ರ ಹಾಕಬೇಡಿ, ಆಗ ಯಾವ ಮಸುಕೂ ಕಾಯುವುದಿಲ್ಲ.

ಹೊಸದುರ್ಗದ ಮೇಷ್ಟ್ರು:

ಇಷ್ಟು ಹೊತ್ತು ನಾನು ಮಕ್ಕಳ ಪರ ವಕಾಲತ್ತು ಮಾಡಿದೆ. ಈಗ ದೊಡ್ಡವರ ಕಥೆ ಒಂದು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದಾಗ ಎಲ್ಲೆಲ್ಲೂ ಧಾವಂತ. ನಾನು ನೋಡಿದ ಒಂದು ಪಂಚಾಯಿತಿಯ ದಾಖಲಾತಿಯಲ್ಲಿ ಮಲೆನಾಡಿನ ನಿತ್ಯಹರಿದ್ವರ್ಣದ ಮರಗಳು ಸಾಲಾಗಿ ನಿಂತಿದ್ದವು! ಇಲ್ಲಿ ಬೀಳುವ ಮಳೆಗೆ ಅವು ಒಂದು ಬೇಸಿಗೆಯನ್ನೂ ದಾಟಲಾರವು. ಎಲ್ಲಿಂದಲೋ ನಕಲು ಮಾಡಿದ ಪಟ್ಟಿ. ನಮ್ಮ ಗುಡ್ಡದ ಮೇಲಿರುವ ಕಮರ, ದಿಂಡಿಗ ಅದರಲ್ಲಿ ಹುಡುಕಿದರೂ ಸಿಗಲಿಲ್ಲ. ನಾಳೆ ಆ ಗುಡ್ಡಕ್ಕೆ ಗಣಿಯೋ ಗಾಳಿಯಂತ್ರವೋ ಬಂದರೆ, ಅಲ್ಲಿ ಏನಿತ್ತು ಎಂದು ತೋರಿಸಲು ಈ ಕಾಗದ ಕೆಲಸಕ್ಕೆ ಬರುತ್ತದೆಯೇ?

ಅದಕ್ಕೇ ಈ ವರ್ಷ ಮಕ್ಕಳಿಗೆ ಆ ದಾಖಲಾತಿಯ ಪ್ರತಿ ಕೊಟ್ಟು, ಇದರಲ್ಲಿ ಯಾವುದು ನಿಮ್ಮೂರಲ್ಲಿ ನಿಜವಾಗಿ ಇದೆ, ಚಿತ್ರ ತೆಗೆದುಕೊಂಡು ಬನ್ನಿ ಎನ್ನುವ ಯೋಚನೆಯಿದೆ. ಸಿಗದದ್ದರ ಮುಂದೆ 'ಇಲ್ಲ' ಎಂದು ಬರೆಯಲಿ.

ಗುಮಾಸ್ತ:

'ಇಲ್ಲ' ಎನ್ನಬೇಡಿ, 'ನಮಗೆ ಕಾಣಲಿಲ್ಲ' ಎನ್ನಿ. ಎಷ್ಟು ಜಾಗ ಹುಡುಕಿದಿರಿ, ಯಾವ ತಿಂಗಳು ಎಂಬುದನ್ನೂ ಪಕ್ಕದಲ್ಲಿ ಬರೆಸಿ.

ಹೊಸದುರ್ಗದ ಮೇಷ್ಟ್ರು:

ಸರಿ. ಮೊದಲ ಸಮಸ್ಯೆ ಈಗಲೇ ಇದೆ. ದಾಖಲಾತಿಯಲ್ಲಿ 'ಬನ್ನಿ – ಪ್ರೊಸೋಪಿಸ್ ಸಿನೆರೇರಿಯಾ' ಎಂದಿದೆ. ನಮ್ಮೂರ ಗುಡಿಯ ಮುಂದೆ ದಸರೆಗೆ ಪೂಜೆಯಾಗುವ ಮರವೊಂದಿದೆ, ಅದನ್ನೇ ಬರೆದಿರಬೇಕು. ಆ್ಯಪ್ ಮಾತ್ರ ಸೆನೆಗಾಲಿಯಾ ಫೆರುಜಿನಿಯಾ ಎನ್ನುತ್ತಿದೆ.

ಅಜ್ಜಿಯ ಕೈತೋಟ:

ಬನ್ನಿ ಎಂದರೆ ಬನ್ನಿಯೇ. ಪೂಜೆ ಮಾಡುವ ಮರಕ್ಕೂ ಅನುಮಾನವೇ?

ತಂಗಡಿಹೂ:

ಪೂಜೆಗೆ ಯಾವ ಅಡ್ಡಿಯೂ ಇಲ್ಲ ಅಮ್ಮ. ಆದರೆ ನಮ್ಮ ನಾಡಿನಲ್ಲಿ ಈ ಎರಡೂ ಮರಗಳಿಗೆ ಬನ್ನಿ ಎನ್ನುತ್ತಾರೆ. ಮೇಷ್ಟ್ರೇ, ಮುಳ್ಳು ನೋಡಿ. ಸಿನೆರೇರಿಯಾದಲ್ಲಿ ಮುಳ್ಳುಗಳು ಚಿಕ್ಕವು, ನೇರ, ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತವೆ. ಫೆರುಜಿನಿಯಾದಲ್ಲಿ ಕೊಕ್ಕೆಯಂತೆ ಬಾಗಿ, ಗೆಣ್ಣಿನ ಬಳಿ ಜೋಡಿಯಾಗಿರುತ್ತವೆ. ಎಲೆಯ ನಡುದಿಂಡಿನಿಂದ ಹೊರಡುವ ಗರಿಗಳು ಒಂದೆರಡು, ಹೆಚ್ಚೆಂದರೆ ಮೂರು ಜೊತೆ ಇದ್ದರೆ ಸಿನೆರೇರಿಯಾ, ಅದಕ್ಕಿಂತ ಹೆಚ್ಚಿದ್ದರೆ ಫೆರುಜಿನಿಯಾ ಕಡೆಗೆ ವಾಲಬಹುದು. ಕಾಯಿ ಸಿಕ್ಕರೆ ಇನ್ನೂ ನಿಚ್ಚಳ: ಮೊದಲನೆಯದು ಸಪುರ, ಕೋಲಿನಂತೆ ಉರುಟು, ಒಳಗೆ ತಿರುಳು. ಎರಡನೆಯದು ಅಗಲ, ಚಪ್ಪಟೆ, ಕಂದು.

ಕಾವಲುಹುಲ್ಲು:

ಹುಡುಕುವಾಗ ಹಳೆಯ ಪುಸ್ತಕಗಳಲ್ಲಿ ಅದು ಅಕೇಸಿಯಾ ಫೆರುಜಿನಿಯಾ ಎಂದಿರುತ್ತದೆ, ಗಾಬರಿಯಾಗಬೇಡಿ. ಅಕೇಸಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದವುಗಳಿಗೆ ಬಿಟ್ಟುಕೊಡುವ ತೀರ್ಮಾನ 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಆಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಗಟ್ಟಿಯಾಯಿತು. ನಮ್ಮ ಕರಿಜಾಲಿ ವಚೇಲಿಯಾ ಆಯಿತು. ಬಳ್ಳಾರಿ ಜಾಲಿಯೂ ಈಗ ಪ್ರೊಸೋಪಿಸ್ ಅಲ್ಲ, ನೆಲ್ಟುಮಾ. ನನ್ನ ಹಳೆಯ ದಾಖಲೆಗಳ ಹೆಸರು ರಾತ್ರೋರಾತ್ರಿ ಬದಲಾದಾಗ ಯಾರೋ ಕೈ ಹಾಕಿದ್ದಾರೆಂದು ನನಗೂ ರೇಗಿತ್ತು. ಗಿಡ ಅದೇ, ಚಿತ್ರ ಅದೇ, ಮೇಲಿನ ಚೀಟಿ ಮಾತ್ರ ಬೇರೆ.

ಹೊಸದುರ್ಗದ ಮೇಷ್ಟ್ರು:

ಹೋಗಿ ನೋಡಿದೆ. ಮರದ ಸುತ್ತ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು. ಪೂಜಾರರು ರೆಂಬೆ ಮುಟ್ಟಲು ಬಿಡಲಿಲ್ಲ, ಮುಳ್ಳು ಕೆಳಗಿನಿಂದ ಸರಿಯಾಗಿ ಕಾಣಲಿಲ್ಲ. ಕಟ್ಟೆಯ ಹಿಂದೆ ಹೋದ ಸಲದ ಒಣಗಿದ ಕಾಯಿಗಳು ಬಿದ್ದಿದ್ದವು, ಅವನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ ಎಂದರು. ಅಗಲವಾಗಿವೆ, ಚಪ್ಪಟೆಯಾಗಿವೆ, ಕಂದು ಬಣ್ಣ. ಹಾಗಾದರೆ ಫೆರುಜಿನಿಯಾ ಎಂದು ಹಾಕಿ ಬಿಡಲೇ? ನೀವು ಒಪ್ಪಿಗೆ ಒತ್ತುತ್ತೀರಲ್ಲ?

ತಂಗಡಿಹೂ:

ನೀವು ಹಾಕಿ. ನಾನು ಒತ್ತಬೇಕಾದರೆ ಕಾಯಿಯ ಚಿತ್ರ ಬೇಕು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. 'ಮರದ ಕೆಳಗೆ ಬಿದ್ದಿದ್ದು, ಮರದಿಂದ ಕಿತ್ತದ್ದಲ್ಲ' ಎಂದು ಟಿಪ್ಪಣಿ ಬರೆಯಿರಿ, ಪಕ್ಕದಲ್ಲಿ ಬೇರೆ ಮರ ಇದೆಯೇ ಎಂಬುದನ್ನೂ ಸೇರಿಸಿ. ಕಟ್ಟೆ ಕಟ್ಟಿರುವುದರಿಂದ ಯಾರೋ ನೆಟ್ಟದ್ದೋ, ಇದ್ದ ಮರಕ್ಕೆ ಕಟ್ಟೆ ಕಟ್ಟಿದ್ದೋ ಎಂದು ಪೂಜಾರರನ್ನೊಮ್ಮೆ ಕೇಳಿ.

ಹೊಸದುರ್ಗದ ಮೇಷ್ಟ್ರು:

ಪಕ್ಕದಲ್ಲಿ ಒಂದು ಬೇವು ಇದೆ, ಅಷ್ಟೇ. ನೆಟ್ಟದ್ದರ ಬಗ್ಗೆ ಕೇಳಿದೆ. "ನಮ್ಮ ಮುತ್ತಾತನ ಕಾಲಕ್ಕೂ ಇತ್ತು" ಎಂದರು. ಅದನ್ನು ಹಾಗೆಯೇ, ಅವರ ಮಾತಿನಲ್ಲಿಯೇ ಬರೆಯುತ್ತೇನೆ. ಚಿತ್ರ ಸಂಜೆ ಹಾಕುತ್ತೇನೆ, ಅಳತೆಪಟ್ಟಿ ಶಾಲೆಯಲ್ಲಿದೆ.